ಗಾಲಿ ಮಾಡುವವರ ಹೆಸರು

ದೋಹಾದಲ್ಲಿದ್ದ ಒಂದು ತಿಂಗಳಲ್ಲಿ ನಮ್ಮ ಅಪ್ಪ ತನ್ನ ಪೂರ್ತಿ ಹೆಸರನ್ನು ಬಾಯಿಬಿಟ್ಟು ಹೇಳಿದ್ದು ಒಂದೇ ಒಂದು ಮನೆಯಲ್ಲಿ. ಅದು ಮಗಳ ಮನೆಯಲ್ಲ, ಅಲ್ ಹಿಲಾಲ್ ಬಡಾವಣೆಯಲ್ಲಿದ್ದ ಒಬ್ಬ ಜರ್ಮನ್ ಎಂಜಿನಿಯರನ ಮನೆ. ಇಷ್ಟು ವರ್ಷವಾದರೂ ಅದನ್ನು ನೆನೆದರೆ ನನಗೆ ಮೈಯೆಲ್ಲ ಉರಿಯುತ್ತದೆ. ಉರಿ ಆ ಜರ್ಮನ್‌ನ ಮೇಲಲ್ಲ, ಆತ ಒಳ್ಳೆಯವನು. ಉರಿ ನನ್ನವರ ಮೇಲೆ, ನಾನು ತಲೆಯ ಮೇಲೆ ಹೊತ್ತುಕೊಂಡಿದ್ದ ಇಬ್ಬರ ಮೇಲೆ.

ನಮ್ಮ ಅಡ್ಡಹೆಸರು ಬಡಿಗೇರ. ಗದಗ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ಕಡೆ ಅಡ್ಡಹೆಸರು ಗೊತ್ತಾದರೆ ಸಾಕು, ಯಾವ ಕೆಲಸಕ್ಕೆ ಯಾರ ಬಾಗಿಲು ಬಡಿಯಬೇಕೆಂದು ತಿಳಿಯುತ್ತದೆ. ಹೂಗಾರರ ಮನೆಯಲ್ಲಿ ಹೂವು, ಗಾಣಿಗೇರರ ಮನೆಯಲ್ಲಿ ಎಣ್ಣೆ, ಕಂಬಾರರ ಮನೆಯಲ್ಲಿ ಕುಡಗೋಲು, ಬಡಿಗೇರರ ಮನೆಯಲ್ಲಿ ಮರಗೆಲಸ. ನಮ್ಮಪ್ಪ ಚಕ್ಕಡಿಯ ಗಾಲಿ ಮಾಡುತ್ತಿದ್ದ. ನಡುವೆ ಜಾಲಿಮರದ ಗುಂಬ, ಅದಕ್ಕೆ ಸುತ್ತಲೂ ಬಡಿದು ಕೂರಿಸಿದ ಹನ್ನೆರಡು ಅರ, ಅರಗಳ ತುದಿಗೆ ಬಾಗಿದ ಮರದ ತುಂಡುಗಳ ಸುತ್ತು, ಎಲ್ಲಕ್ಕೂ ಮೇಲೆ ಬಳೆಯಂತೆ ಕಬ್ಬಿಣದ ಹಳಿ. ಹಳಿ ಹಾಕುವ ದಿನ ಕಂಬಾರ ಕಾಕಾ ಬರುತ್ತಿದ್ದ. ಕುಳ್ಳಿನ ಬೆಂಕಿಯಲ್ಲಿ ಕೆಂಪಗೆ ಕಾಯಿಸಿದ ಹಳಿಯನ್ನು ಇಕ್ಕಳದಲ್ಲಿ ಹಿಡಿದು ತಂದು ಗಾಲಿಯ ಮೇಲೆ ಕೂರಿಸಿ, ಕೂಡಲೇ ಕೊಡಗಟ್ಟಲೆ ನೀರು ಸುರಿಯಬೇಕು. ಭುಸ್ ಎಂದು ಹೊಗೆ ಎದ್ದು, ಕಬ್ಬಿಣ ಕುಗ್ಗಿ, ಮರವನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತಿತ್ತು. ನೀರು ಸುರಿಯುವ ಕೆಲಸ ನನ್ನದಾಗಿತ್ತು, ಮುಂಗೂದಲು ಎಷ್ಟು ಸಲ ಸುಟ್ಟುಕೊಂಡಿದ್ದೇನೋ.

ಸುಗ್ಗಿಯಲ್ಲಿ ರೈತರು ಕಣದಿಂದಲೇ ಜೋಳ ಅಳೆದು ಕೊಡುತ್ತಿದ್ದರು. ಅದಕ್ಕೆ ಆಯ ಎನ್ನುತ್ತಾರೆ. ವರ್ಷವಿಡೀ ಕುಂಟೆ, ಕೂರಿಗೆ, ಗಾಲಿ ನೋಡಿಕೊಂಡದ್ದಕ್ಕೆ ಬಡಿಗೇರನ ಪಾಲು. ಅಮಾವಾಸ್ಯೆಯ ದಿನ ಮಾತ್ರ ಯಾವ ಗೌಡ ಬಂದು ಕರೆದರೂ ಅಪ್ಪ ಬಾಚಿ ಮುಟ್ಟುತ್ತಿರಲಿಲ್ಲ. ಅಂದು ಉಳಿ, ಬಾಚಿ, ಕೊಡತಿ ಎಲ್ಲವನ್ನೂ ತೊಳೆದು, ವಿಭೂತಿ ಹಚ್ಚಿ, ಸಾಲಾಗಿ ಇಟ್ಟು ಕೈಮುಗಿಯುತ್ತಿದ್ದ.

ನಾನು ಹತ್ತನೆಯ ಇಯತ್ತೆಯಲ್ಲಿದ್ದಾಗ ನಮ್ಮ ಹೆಡ್‌ಮಾಸ್ತರರಿಗೆ ನನ್ನ ಮೇಲೆ ವಿಪರೀತ ಅಕ್ಕರೆ ಬಂತು. ಪರೀಕ್ಷೆಗೆ ಹೆಸರು ಕಳಿಸುವ ಮೊದಲು ಅಪ್ಪನನ್ನು ಕರೆಸಿ, "ಬಡಿಗೇರ ಬ್ಯಾಡ, ಬರೇ ಊರ ಹೆಸರು ಹಾಕೂಣು. ಹುಡುಗಿ ಶ್ಯಾಣ್ಯಾಕಿ ಅದಾಳ, ಮುಂದ ನೌಕರಿಗೆ, ಲಗ್ನಕ್ಕ ಚಲೋ ಆಕ್ಕತಿ" ಎಂದರು. ಅಪ್ಪನ ತಲೆಗೂದಲಲ್ಲಿ ಇನ್ನೂ ಮರದ ಹೊಟ್ಟು ಇತ್ತು. ಆತ ಒಂದು ಕ್ಷಣವೂ ತಡಮಾಡಲಿಲ್ಲ.

"ಮಾಸ್ತರ್ರ, ಈ ಸಾಲಿ ಬಾಗಲಾ ಮಾಡಿದಾಂವ ನಾನ. ಮೊದಲ ಆ ಬಾಗಲಾ ಕಿತ್ತಿಡ್ರಿ, ಆಮ್ಯಾಲ ಹೆಸರು ಕೀಳೂಣು."

ಹೇಳಿ, ಬಗ್ಗಿ ನಮಸ್ಕಾರ ಮಾಡಿ, ಹೊರಗೆ ಬಂದ. ಆವತ್ತಿನಿಂದ ನನಗೆ ಯಾರಾದರೂ ಅಡ್ಡಹೆಸರು ಕೇಳಿದರೆ ಎದೆ ಉಬ್ಬಿಸಿ ಹೇಳುವ ಚಟ ಹತ್ತಿತು. ಮದುವೆಯಾಗಿ ಹೋದದ್ದೂ ಅದೇ ಅಡ್ಡಹೆಸರಿನ ಮನೆಗೆ. ಹುಟ್ಟಿದ ಮನೆಯೂ ಬಡಿಗೇರ, ಸೇರಿದ ಮನೆಯೂ ಬಡಿಗೇರ. ನನ್ನ ಹೆಸರಿನಲ್ಲಿ ಒಂದಕ್ಷರವೂ ಬದಲಾಗಲಿಲ್ಲ ಎಂದು ಗೆಳತಿಯರ ಮುಂದೆ ಜಂಬ ಕೊಚ್ಚಿಕೊಂಡಿದ್ದೇನೆ.

ಗಂಡ ಎಂಜಿನಿಯರ್. ಏಷ್ಯನ್ ಕ್ರೀಡಾಕೂಟಕ್ಕೆಂದು ದೋಹಾ ಊರನ್ನೇ ಅಗೆದು ಗುಡ್ಡೆ ಹಾಕಿದ್ದ ಕಾಲದಲ್ಲಿ ಅವರಿಗೆ ಅಲ್ಲಿ ಕೆಲಸ ಸಿಕ್ಕಿತು. ಬಿನ್ ಮಹಮೂದ್‌ನ ಒಂದು ಹಳೆಯ ಕಟ್ಟಡದಲ್ಲಿ ನಮ್ಮ ಮನೆ. ಕೆಳಗೆ ಮಲಯಾಳಿಯ ಕಿರಾಣಿ ಅಂಗಡಿ, ಎದುರಿಗೆ ದವಾಖಾನೆ, ಪಕ್ಕದ ಮನೆಯಲ್ಲಿ ಉಡುಪಿ ಕಡೆಯ ಒಬ್ಬ ಅಕ್ಕ. ಆ ದೇಶದಲ್ಲಿ ಮನುಷ್ಯನ ಗುರುತಿನ ಚೀಟಿಯಲ್ಲಿ ಹೆಸರಿನ ಜೊತೆಗೇ ಅವನ ಕಸುಬೂ ಇರುತ್ತದೆ. ಹೊಸಬರ ಪರಿಚಯವಾದರೆ ಯಾವ ಊರು ಎಂದು ಕೇಳಿದ ಮರುಗಳಿಗೆಯಲ್ಲೇ ಯಾವ ವೀಸಾ ಎಂದು ಕೇಳುತ್ತಾರೆ. ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳಬಹುದೇ, ಎಲ್ಲಿ ಮಲಗಬೇಕು, ಯಾವ ಬಸ್ಸು ಹತ್ತಬೇಕು, ಎಲ್ಲ ನಿರ್ಧಾರವಾಗುವುದು ಆ ಒಂದು ಶಬ್ದದ ಮೇಲೆ. ಶಟರಿಂಗ್ ಕಾರ್ಪೆಂಟರ್, ಅಂದರೆ ಕಾಂಕ್ರೀಟಿಗೆ ಹಲಗೆ ಕಟ್ಟುವವ, ಎಂಬ ವೀಸಾದವರು ಮುಂಜಾನೆ ಕಿಟಕಿಗೆ ತಲೆಯಾನಿಸಿ ನಿದ್ದೆಗಣ್ಣಲ್ಲಿ ಬಸ್ಸಿನಲ್ಲಿ ಹೋಗುವುದನ್ನು ನಾನು ದಿನಾ ಬಾಲ್ಕನಿಯಿಂದ ನೋಡುತ್ತಿದ್ದೆ.

ನಮ್ಮವರ ಆಫೀಸಿನಲ್ಲಿ ಯಾರೋ ಬೆಂಗಳೂರು ಕಡೆಯವನೊಬ್ಬ ಬಡಿಗೇರ ಎಂದರೆ ಏನರ್ಥ ಎಂದು ಎಲ್ಲರಿಗೂ ಬಿಡಿಸಿ ಹೇಳಿದನಂತೆ. "ಕಾರ್ಪೆಂಟರ್ ವೀಸಾದಲ್ಲಿ ಬಂದು ಎಂಜಿನಿಯರ್ ಸೀಟಲ್ಲಿ ಹೇಗಪ್ಪಾ ಕೂತೆ?" ಎಂದು ಒಬ್ಬ ಕೇಳಿದ್ದಕ್ಕೆ ಇಡೀ ಆಫೀಸು ನಕ್ಕಿತಂತೆ. ಮನೆಯವರು ಅದನ್ನು ನನಗೆ ನಗುತ್ತಲೇ ಹೇಳಿದರು. ಆದರೆ ಆವತ್ತು ರೊಟ್ಟಿ ಅರ್ಧಕ್ಕೇ ಬಿಟ್ಟು ಎದ್ದರು. ನಾನು ಆಗಲೇ ಎಚ್ಚರಗೊಳ್ಳಬೇಕಿತ್ತು, ಎಚ್ಚರಗೊಳ್ಳಲಿಲ್ಲ.

ಆ ಹೊತ್ತಿಗೆ ಅವರ ಮೇಲಧಿಕಾರಿಯಾಗಿ ಆ ಜರ್ಮನ್ ಬಂದ. ಅವನ ಅಡ್ಡಹೆಸರು ರಾಡೆಮಾಖರ್. ಅದೆಂಥ ಹೆಸರು ಎಂದು ನಮ್ಮವರು ಸುಮ್ಮನೆ ಮಾತಿಗೆ ಕೇಳಿದ್ದಕ್ಕೆ ಅವನು ಬಿಳಿಯ ಬೋರ್ಡಿನ ಮೇಲೆ ಗಾಲಿಯ ಚಿತ್ರ ಬರೆದು ತೋರಿಸಿದನಂತೆ. ರಾಡ್ ಎಂದರೆ ಗಾಲಿ, ಮಾಖರ್ ಎಂದರೆ ಮಾಡುವವನು. ಮನೆಯವರು ಆ ಸಂಜೆ ಬೂಟು ಬಿಚ್ಚುವ ಮೊದಲೇ ನನಗೆ ಎಲ್ಲವನ್ನೂ ಹೇಳಿದರು.

"ಅವರದೂ ನಮ್ಮದ ಕಸುಬು! ಮೊದಲಿಗೆ ಅವರ ದೇಶದಾಗೂ ಅಡ್ಡಹೆಸರ ಇರಲಿಲ್ಲಂತ. ಊರು ದೊಡ್ಡವಾದುವು, ಒಂದ ಹೆಸರಿನವರು ಓಣಿಗೆ ನಾಲ್ಕು ಮಂದಿ ಆದ್ರು. ಬರಕೊಳ್ಳೋ ಕಾರಕೂನ ಏನ್ ಮಾಡ್ತಾನ? ಹೆಸರಿನ ಮುಂದ ಗಾಲಿ ಮಾಡಾಂವ, ರೊಟ್ಟಿ ಸುಡಾಂವ, ಹಿಟ್ಟು ಬೀಸಾಂವ ಅಂತ ಬರದ. ಮಗಾ ಬ್ಯಾರೆ ಕೆಲಸ ಹಿಡದ್ರೂ ಅಪ್ಪನ ಕಸುಬು ಹೆಸರಾಗಿ ಉಳೀತು."

ಅವರ ಕಣ್ಣಲ್ಲಿ ಬಹಳ ದಿನದ ಮೇಲೆ ಬೆಳಕು ನೋಡಿದೆ. ಕತಾರ್‌ನ ಗುರುತಿನ ಚೀಟಿಯನ್ನು ಮೇಜಿನ ಮೇಲೆ ಇಟ್ಟು, "ಇದೂ ಅದ ಅಲ್ಲೇನ್ರಿ? ಹೆಸರಿನ ಬಗಲಿಗೆ ಕಸುಬು. ಇನ್ನ ನೂರಾರು ವರ್ಷಕ್ಕ ಇಲ್ಲಿ ಶಟರಿಂಗ್, ಡ್ರೈವರ್ ಅಂತ ಮನೆತನ ಇದ್ರೂ ಇರಬಹುದು" ಎಂದೆ. ಇಬ್ಬರೂ ಹೊಟ್ಟೆ ಹಿಡಿದು ನಕ್ಕೆವು. ಆ ಉತ್ಸಾಹದಲ್ಲೇ ಅವರು, "ಚಳಿಗಾಲದಾಗ ನಿಮ್ಮಪ್ಪಗ ವಿಸಿಟ್ ವೀಸಾ ತಗಸೂಣು. ಜರ್ಮನ್ ಸಾಹೇಬಗ ಭೆಟ್ಟಿ ಮಾಡಸೂಣು" ಎಂದರು. ನಾನು ಹಿಗ್ಗಿ ಹೀರೇಕಾಯಿಯಾದೆ. ಅಪ್ಪ ನನ್ನ ಮನೆಗೆ ಬರಬೇಕು, ನನ್ನ ಮನೆಯ ಕುರ್ಚಿಯ ಮೇಲೆ ಕೂರಬೇಕು, ಬಂದವರು ಯಾರು ಎಂದು ಕೇಳಿದರೆ ಸಾಲೆಯಲ್ಲಿ ಹೇಳಿದ ಹಾಗೇ ತನ್ನ ಹೆಸರು ಹೇಳಬೇಕು. ಅದಕ್ಕಿಂತ ಹೆಚ್ಚಿನದು ನನಗೆ ಬೇಕಿರಲಿಲ್ಲ.

ವಿಮಾನ ಇಳಿದು ಬಂದ ಅಪ್ಪನನ್ನು ಮೊದಲ ನೋಟಕ್ಕೆ ನಾನು ಗುರುತು ಹಿಡಿಯಲಿಲ್ಲ. ಇಸ್ತ್ರಿ ಮಾಡಿದ ಬಿಳಿ ಜುಬ್ಬಾ, ಹೆಗಲಿಗೆ ಶಾಲು, ಕಣ್ಣಿಗೆ ಹೊಸ ಕನ್ನಡಕ. "ಕಣ್ಣ ಯಾವಾಗ ಮಂದ ಆದುವು, ಅಪ್ಪಾ?" ಎಂದರೆ, "ವಯಸ್ಸಾತು, ಯವ್ವಾ" ಎಂದ. ಅಳಿಯನ ಮರ್ಯಾದೆಗೆ ತಕ್ಕ ಹಾಗೆ ಬಂದಿದ್ದಾನೆ ಎಂದು ನಾನು ಒಳಗೊಳಗೇ ಕರಗಿದೆ. ನಮ್ಮ ಏಳು ವರ್ಷದ ಮಗಳು ಅಜ್ಜನ ಶಾಲಿನೊಳಗೆ ತೂರಿಕೊಂಡು ಕಾರಿನಲ್ಲಿ ಕೂತಳು. ಅವಳಿಗೆ ನಮ್ಮ ಕಡೆಯ ಮಾತು ಅರ್ಧ ತಿಳಿಯುತ್ತಿತ್ತು, ಇನ್ನರ್ಧವನ್ನು ಇಂಗ್ಲಿಷಿನಿಂದ ತುಂಬಿಸಿಕೊಳ್ಳುತ್ತಿದ್ದಳು.

ಮೊದಲ ವಾರವೇ ಜರ್ಮನ್‌ನ ಮನೆಗೆ ಊಟಕ್ಕೆ ಹೋದೆವು. ಹಜಾರದ ಗೋಡೆಗೆ ಒಂದು ಹಳೆಯ ಮರದ ಗಾಲಿ ತೂಗುಹಾಕಿದ್ದರು. ಅಪ್ಪ ನಮಸ್ಕಾರ ಮಾಡುವುದನ್ನೂ ಮರೆತು ನೆಟ್ಟಗೆ ಅದರ ಹತ್ತಿರ ಹೋಗಿ, ಗೆಣ್ಣಿನಿಂದ ಒಂದು ಅರವನ್ನು ತಟ್ಟಿದ. ಜರ್ಮನ್ ನಗುತ್ತ ಬಂದು ಪಕ್ಕದಲ್ಲಿ ನಿಂತ. "ಹೆಸರೇನು ನಿಮ್ಮದು?" ಎಂದು ಆತ ಇಂಗ್ಲಿಷಿನಲ್ಲಿ ಕೇಳಿದ್ದನ್ನು ನಮ್ಮವರು ಕನ್ನಡಕ್ಕೆ ತಿರುಗಿಸುವ ಮೊದಲೇ ಅಪ್ಪ ತನ್ನ ಹೆಸರು, ತನ್ನ ಅಪ್ಪನ ಹೆಸರು ಹೇಳಿ, ಕೊನೆಗೆ ಬಡಿಗೇರ ಎಂದ. ಎಲ್ಲವೂ ಸ್ಪಷ್ಟವಾಗಿ, ಊರಿನ ಕಟ್ಟೆಯ ಮೇಲೆ ಹೇಳುವಷ್ಟು ದೊಡ್ಡ ದನಿಯಲ್ಲಿ.

ಅಂದಿನ ಸಂಜೆಯ ಬಗ್ಗೆ ನನಗೆ ಯಾವ ದೂರೂ ಇಲ್ಲ. ಕಾದ ಹಳಿಯನ್ನು ಗಾಲಿಗೆ ಹಾಕಿ ನೀರು ಸುರಿಯುವುದನ್ನು ಅಪ್ಪ ಕೈಯಲ್ಲೇ ಮಾಡಿ ತೋರಿಸಿದರೆ, ಅವರಲ್ಲೂ ಹಾಗೇ ಮಾಡುತ್ತಿದ್ದರು ಎಂದು ಜರ್ಮನ್ ಕುಣಿದಾಡಿದ. ತನ್ನ ಮನೆತನದಲ್ಲಿ ಗಾಲಿ ಮಾಡಿದವರು ಯಾವ ಕಾಲದಲ್ಲಿದ್ದರೋ ತನಗೇ ಗೊತ್ತಿಲ್ಲ, ಅಜ್ಜ ರೈಲ್ವೆಯಲ್ಲಿದ್ದ, ಈ ಗಾಲಿಯನ್ನು ಸಂತೆಯಲ್ಲಿ ಕೊಂಡದ್ದು ಎಂದು ಮುಚ್ಚುಮರೆ ಇಲ್ಲದೆ ಹೇಳಿದ. ಅವನ ಹೆಂಡತಿ ತನ್ನ ತವರಿನ ಹೆಸರು ವಾಗ್ನರ್ ಎಂದಳು. ಅದೂ ಬಂಡಿ ಮಾಡುವವರ ಹೆಸರೇ. ಉತ್ತರದ ಕಡೆ ಗಾಲಿಯಿಂದ ಹೆಸರು ಬಂತು, ತೆಂಕಣ ಕಡೆ ಬಂಡಿಯಿಂದ ಬಂತು, ಮೂಡಣ ಸೀಮೆಯಲ್ಲಿ ಇದೇ ಕಸುಬಿಗೆ ಇನ್ನೂ ಒಂದು ಹೆಸರಿದೆ. ಒಂದೇ ಬಾಚಿ ಹಿಡಿದವರು ಊರಿಗೊಂದು ಹೆಸರಾದರು. "ನಮ್ಮಲ್ಲೂ ಹಂಗ" ಎಂದು ನಮ್ಮವರು ಹೆಮ್ಮೆಯಿಂದ ಹೇಳಿದರು. "ನಾವು ಬಡಿಗೇರ, ಕರಾವಳಿ ಕಡೆ ಆಚಾರಿ." ಅಪ್ಪ ಗಾಲಿಯ ಮರ ಒಣಗಿ ಬಿರಿದದ್ದನ್ನು ತೋರಿಸಿ, "ಇದಕ್ಕ ಎಣ್ಣಿ ಕಾಣಸೇ ಇಲ್ಲ" ಎಂದಾಗ ಜರ್ಮನ್ ಅಡುಗೆಮನೆಯಿಂದ ಆಲಿವ್ ಎಣ್ಣೆಯ ಶೀಸೆಯನ್ನೇ ತಂದ. ಇಬ್ಬರೂ ನೆಲದ ಮೇಲೆ ಕೂತು, ಮಾತಿಗೆ ಭಾಷೆ ಇಲ್ಲದಿದ್ದರೂ, ಅರ ಅರಕ್ಕೂ ಎಣ್ಣೆ ತಿಕ್ಕಿದರು. ನನ್ನ ಮಗಳು ಆ ಹೆಂಗಸಿನ ಜೊತೆ ಅಡುಗೆಮನೆಯಲ್ಲಿ ಕೇಕಿಗೆ ಸಕ್ಕರೆ ಉದುರಿಸುತ್ತಿದ್ದಳು. ನಾನು ಗಂಡನ ಮುಖ ನೋಡಿದೆ, ಇಂಥವನನ್ನು ಕಟ್ಟಿಕೊಂಡದ್ದು ನನ್ನ ಪುಣ್ಯ ಅನ್ನಿಸಿತು. ನಗಬೇಡಿ, ನಿಜವಾಗಿಯೂ ಅನ್ನಿಸಿತು.

ಮರುವಾರದ ಶುಕ್ರವಾರ ಪಕ್ಕದ ಮನೆಯ ಅಕ್ಕ ಊಟಕ್ಕೆ ಕರೆದಿದ್ದರು. ನಮ್ಮ ಕನ್ನಡದವರೇ ಐದಾರು ಸಂಸಾರ. ಆ ಅಕ್ಕ ನನ್ನ ಅಡ್ಡಹೆಸರು ಎಂದೂ ಕೇಳಿದವರಲ್ಲ, ಹಲವು ತಿಂಗಳಿಂದ ನಮ್ಮವರನ್ನು ಆಚಾರ್ಯರೇ ಎಂದು ಕರೆಯುತ್ತಿದ್ದರು. ಬಡಿಗೇರರನ್ನು ಅವರ ಕಡೆ ಹಾಗೆ ಕರೆಯುವುದುಂಟು, ರೂಢಿಯ ಮಾತು ಎಂದು ನಾನು ಕಿವಿಗೆ ಹಾಕಿಕೊಂಡಿರಲಿಲ್ಲ. ಬಾಗಿಲಲ್ಲೇ ಅವರು, "ಬನ್ನಿ ಬನ್ನಿ ಆಚಾರ್ಯರೇ, ಮಾವನವರು ಬಂದಿದ್ದಾರಂತೆ ಅಲ್ವಾ?" ಎಂದರು. ಒಳಗೆ ಕೂತವರೆಲ್ಲ ಎದ್ದು ನಿಂತರು. ನಮ್ಮವರು ಅಪ್ಪನ ಬೆನ್ನ ಮೇಲೆ ಕೈ ಇಟ್ಟು ನಗುನಗುತ್ತ ಹೇಳಿದರು:

"ಇವರು ನಮ್ಮ ಮಾವನವರು. ಸಾಲಿ ಮಾಸ್ತರ್ ಇದ್ರು, ಈಗ ರಿಟೈರ್ಡ್."

ನನಗೆ ಮೊದಲು ನಗು ಬಂತು. ಚೇಷ್ಟೆ ಮಾಡುತ್ತಿದ್ದಾರೆ, ಅಪ್ಪ ಈಗ ಬಾಯಿ ತೆರೆಯುತ್ತಾನೆ, ಬಾಗಿಲು ಕಿತ್ತಿಡು ಎನ್ನುತ್ತಾನೆ ಎಂದು ಅವನ ಮುಖವನ್ನೇ ನೋಡಿದೆ. ಅಪ್ಪ ಎರಡೂ ಕೈ ಜೋಡಿಸಿ ನಮಸ್ಕಾರ ಮಾಡಿದ.

"ಹೌದಾ! ಯಾವ ವಿಷಯ ಮಾಡ್ತಿದ್ದದ್ದು ಮಾಸ್ಟ್ರು?" ಅಕ್ಕನ ಗಂಡ ಕೇಳಿದರು.

"ಗಣಿತ" ಎಂದ ಅಪ್ಪ.

ತಡವರಿಸಲಿಲ್ಲ, ನನ್ನ ಕಡೆ ನೋಡಲಿಲ್ಲ, ಕೇಳುವುದನ್ನೇ ಕಾಯುತ್ತಿದ್ದವನ ಹಾಗೆ ಹೇಳಿದ. ಆ ಒಂದು ಶಬ್ದ ಸಾಕಾಯಿತು. ಜುಬ್ಬಾ, ಶಾಲು, ಕನ್ನಡಕ ಎಲ್ಲ ಒಂದರ ಹಿಂದೊಂದು ಅರ್ಥವಾದವು. ಇದು ಬಾಗಿಲಲ್ಲಿ ಹುಟ್ಟಿದ ಸುಳ್ಳಲ್ಲ, ಊರಿನಿಂದಲೇ ಹೊಲಿಸಿಕೊಂಡು ತಂದ ಸುಳ್ಳು.

ಊಟದ ತುಂಬ ಎಲ್ಲರೂ ಮಾಸ್ತರ್ರೇ, ಮಾಸ್ಟ್ರೇ ಎಂದು ಅವನಿಗೆ ಮೊದಲು ಬಡಿಸಿದರು. ಹಳೆಯ ಕಾಲದ ಮೇಷ್ಟ್ರುಗಳ ಹಾಗೆ ಈಗ ಯಾರಿದ್ದಾರೆ ಎಂದು ನಿಟ್ಟುಸಿರು ಬಿಟ್ಟರು. ಅಪ್ಪ ಕೂತ ಮೇಜಿನ ಒಂದು ಕಾಲು ಸಡಿಲವಾಗಿತ್ತು. ಯಾರು ಮೊಣಕೈ ಊರಿದರೂ ಅದು ಟಕ್ ಎಂದು ವಾಲುತ್ತಿತ್ತು. ಸಡಿಲವಾದದ್ದನ್ನು ಕಂಡರೆ ಸುಮ್ಮನಿರುವ ಮನುಷ್ಯನಲ್ಲ ಅವನು. ಮದುವೆಮನೆಯ ಊಟದಿಂದ ಎದ್ದು ಹೋಗಿ ಬೀಗರ ತೊಟ್ಟಿಲಿಗೆ ಬೆಣೆ ಹಾಕಿ ಬಂದವನು. ಆ ದಿನ ಮೇಜು ಟಕ್ ಎಂದಾಗಲೆಲ್ಲ ಅವನ ಕಣ್ಣು ಅತ್ತ ಹೋಗಿ ಬರುತ್ತಿತ್ತು. ಊಟ ಮುಗಿದ ಮೇಲೆ ಅವನು ಎರಡೂ ಕೈಗಳನ್ನು ಶಾಲಿನ ಒಳಗೆ ಇಟ್ಟುಕೊಂಡು ಕೂತ. ದಪ್ಪ ಗಂಟಿನ ಬೆರಳು, ಉಳಿ ತಾಗಿ ಸೀಳಿದ ಹೆಬ್ಬೆರಳಿನ ಉಗುರು ಯಾರಿಗೂ ಕಾಣದ ಹಾಗೆ. ನಾನು ಅನ್ನ ಮುಟ್ಟದೆ ತಟ್ಟೆ ಹಿಡಿದು ನಿಂತೆ. ಅಕ್ಕ ಬಂದು, "ಎಂಥ ಮಾರಾಯ್ತಿ, ತಿನ್ನುವುದೇ ಇಲ್ಲ ನೀವು?" ಎಂದು ಇನ್ನಷ್ಟು ಹಾಕಿದರು.

ಮನೆಗೆ ಬಂದು ಬಾಗಿಲು ಹಾಕಿಕೊಂಡ ತಕ್ಷಣ ನಾನು ಗಂಡನ ಮೇಲೆ ಹರಿಹಾಯ್ದೆ. ಮಗಳು ಅಕ್ಕನ ಮಕ್ಕಳ ಜೊತೆ ಅಲ್ಲೇ ಉಳಿದಿದ್ದಳು, ಅದೊಂದು ಒಳ್ಳೆಯದಾಯಿತು.

"ಹೋದ ವಾರ ಜರ್ಮನ್ ಮುಂದ ಬಡಿಗೇರ, ಈ ವಾರ ನಮ್ಮವರ ಮುಂದ ಮಾಸ್ತರ. ಏನ್ರಿ ಇದು? ನಿಮಗ ನಾಚಿಗಿ ಬರಂಗಿಲ್ಲ?"

"ದನಿ ಸಣ್ಣ ಮಾಡು."

"ಮಾಡಂಗಿಲ್ಲ."

ಅವರು ಕುರ್ಚಿಯ ಮೇಲೆ ಕೂತು ಹಣೆ ಒತ್ತಿಕೊಂಡರು. "ಜರ್ಮನ್‌ಗೇನು? ಅವನ ಗಾಲಿ ಗ್ವಾಡಿ ಮ್ಯಾಲ ಐತಿ. ಅಂವಗ ಅದು ಚಂದನ ಕಾಣತೈತಿ. ನಮ್ಮ ಮಂದಿಗೆ ಬಡಿಗೇರ ಅಂದ್ರ ಬಸ್ಸಿನಾಗ ಹೋಗೋ ಶಟರಿಂಗ್ ಕಾರ್ಪೆಂಟರ್ ಕಾಣತಾನ. ನನ್ನ ಜೋಡಿ ಕೂತು ಉಣ್ಣೋರು ಇವರು, ಅವನಲ್ಲ. ನಾಳೆ ನಮ್ಮ ಹುಡುಗಿನೂ ಇವರ ನಡುವ ಬೆಳೀಬೇಕು."

"ಆಚಾರ್ಯ ಅಂತ ಹೇಳಿದಾವರೂ ನೀವ ಏನು?"

"ಸುಳ್ಳೇನ್ ಹೇಳೇನಿ? ಅವರ ಕಡೆ ಹಂಗ ಅಂತಾರ. ರಾಡೆಮಾಖರ್, ವಾಗ್ನರ್ ಇದ್ದಂಗ. ಹೆಸರು ಎರಡು, ಕಸುಬು ಒಂದ."

ಅಂದು ನಾನು ಕೇಳಿ ಸಂತೋಷಪಟ್ಟಿದ್ದ ಕಥೆಯನ್ನೇ ಮಡಚಿ ನನ್ನ ಮುಖಕ್ಕೆ ಹಿಡಿದಿದ್ದರು. ಜರ್ಮನಿಯಲ್ಲಿ ಆ ಎರಡು ಹೆಸರಿನವರೂ ಒಬ್ಬರ ಹಿಂದೆ ಒಬ್ಬರು ಅಡಗಿಕೊಂಡಿರಲಿಲ್ಲ, ಕೇಳಿದರೆ ಇಬ್ಬರೂ ಗಾಲಿಯನ್ನೇ ತೋರಿಸುತ್ತಿದ್ದರು. ಆಚಾರ್ಯ ಎಂಬುದು ಪುರೋಹಿತರ ಹೆಸರೂ ಹೌದು. ಇವರು ಕೇಳಿದವರು ತಮಗೆ ಬೇಕಾದ್ದನ್ನು ತಿಳಿದುಕೊಳ್ಳಲಿ ಎಂದೇ ಒಂದು ಹೆಸರನ್ನು ಆರಿಸಿ ತಂದಿದ್ದರು. ಅದನ್ನೆಲ್ಲ ಹೇಳಿದೆ, ಚೆನ್ನಾಗಿಯೇ ಹೇಳಿದೆ. ಅವರು ಎದ್ದು ಒಳಗೆ ಹೋದರು.

ಅಪ್ಪ ಬಾಲ್ಕನಿಯಲ್ಲಿ ನಿಂತಿದ್ದ. ಗಂಡ ಮಾಡಿದ್ದು ಅರ್ಧ ನೋವು, ಅದನ್ನು ತಡೆದುಕೊಳ್ಳಬಲ್ಲೆ. ನನ್ನನ್ನು ಸುಟ್ಟದ್ದು ಇನ್ನರ್ಧ.

"ನೀನೂ ಸೇರಿದ್ಯೇನಪ್ಪಾ?"

"ಅಳಿಯಂದ್ರು ವೀಸಾ ಮಾಡಸೂಮುಂದ ಫೋನ್ ಮಾಡಿದ್ರು. ಮಾವಾರ, ನಿಮಗೇನೂ ಅನ್ನಸಂಗಿಲ್ಲಂದ್ರ ಹಿಂಗ ಹೇಳೂಣು ಅಂದ್ರು. ದನಿ ಸಣ್ಣ ಮಾಡಿ ಕೇಳಿದ್ರವ್ವಾ. ಪಾಪ ಅನ್ನಸ್ತು."

"ಮಾಸ್ತರಗ ಅಂದು ಏನಂದಿದ್ದಿ? ಬಾಗಲಾ ಕಿತ್ತಿಡ್ರಿ ಅಂದಿದ್ದಿ. ಆ ಮಾತು ಹಿಡಕೊಂಡ ಇಷ್ಟು ವರ್ಷ ಬದುಕೇನಿ ನಾ."

ಅಪ್ಪ ಕನ್ನಡಕ ತೆಗೆದು ಜುಬ್ಬಾದ ತುದಿಯಿಂದ ಒರೆಸಿದ. ಅದು ಬರೀ ಗಾಜು. ಅದನ್ನು ಒರೆಸುವ ಅಗತ್ಯವೂ ಇರಲಿಲ್ಲ.

"ಅದು ನನ್ನ ಊರು, ನಾ ಮಾಡಿದ ಬಾಗಲಾ" ಎಂದ. "ಇದು ಅವರು ಬಾಳೇವು ಮಾಡೋ ಊರು. ಒಂದ್ ತಿಂಗಳ ಮಾಸ್ತರ ಆದ್ರ ನನ್ನ ಕೈ ಏನ್ ಸವೀತಾವೇನ? ನಿನ್ನ ಸಂಸಾರ ಗಟ್ಟಿ ಇದ್ರ ಸಾಕು ನನಗ."

ನನ್ನ ಸಂಸಾರವನ್ನು ಗಟ್ಟಿ ಮಾಡಲು ನನ್ನನ್ನು ಬಿಟ್ಟು ಇಬ್ಬರೂ ಮಾತಾಡಿಕೊಂಡಿದ್ದರು. ಹಾಗೆ ಕೇಳಿದ್ದೇ ಕೊನೆ, ನಾನು ಅಪ್ಪನ ಹತ್ತಿರ ಆ ವಿಷಯ ಮತ್ತೆ ಎತ್ತಲಿಲ್ಲ. ಮೂರು ಹೊತ್ತು ಊಟ ಹಾಕಿದೆ, ಕಾರ್ನಿಶ್‌ಗೆ ಕರೆದುಕೊಂಡು ಹೋಗಿ ಸಮುದ್ರ ತೋರಿಸಿದೆ, ಅಂಗಿ ಒಗೆದು ಕೊಟ್ಟೆ. ಕಣ್ಣಿಗೆ ಕಣ್ಣು ಕೊಟ್ಟು ಮಾತಾಡುವುದು ಮಾತ್ರ ಆಗಲಿಲ್ಲ.

ಉಳಿದ ದಿನಗಳಲ್ಲಿ ಮಗಳಿಗೆ ಅಜ್ಜನ ಹುಚ್ಚು ಹಿಡಿಯಿತು. ಗಣಿತದ ಮಾಸ್ತರರ ಮೊಮ್ಮಗಳು ಎಂದು ಅಕ್ಕನ ಮಕ್ಕಳು ಹೇಳಿದ್ದೇ ತಡ, ಅವಳು ಸಾಲೆಯಿಂದ ಬಂದ ಕೂಡಲೇ ಚೀಲ ಎಸೆದು ಅಜ್ಜನ ಮುಂದೆ ಕೂರತೊಡಗಿದಳು. ಅಪ್ಪ ಅವಳಿಗೆ ಮಗ್ಗಿ ಹೇಳಿಸಿದ. ಕಾಲು, ಅರೆ, ಮುಕ್ಕಾಲಿನ ಲೆಕ್ಕ ಹೇಳಿಕೊಟ್ಟ. ಒಂದು ಮಧ್ಯಾಹ್ನ ನೆಲದ ಮೇಲೆ ದಾರ ಮತ್ತು ಸೀಮೆಸುಣ್ಣ ಹಿಡಿದು ದೊಡ್ಡ ವೃತ್ತ ಬರೆದ. ಅದೇ ದಾರದಿಂದ ವೃತ್ತದ ಸುತ್ತ ಆರು ಗುರುತು ಹಾಕಿದ, ಗುರುತು ಗುರುತುಗಳ ನಡುವೆ ಮತ್ತೊಂದೊಂದು ಹಾಕಿ ಹನ್ನೆರಡು ಮಾಡಿದ, ಒಂದೊಂದನ್ನೂ ನಡುವಿನ ಚುಕ್ಕೆಗೆ ಸೇರಿಸಿದ. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡಿದೆ. ಹುಟ್ಟಿದಾಗಿನಿಂದ ನೋಡಿದ ಗೆರೆಗಳವು. ಗುಂಬಕ್ಕೆ ಅರ ಕೂರಿಸುವ ಮೊದಲು ಅವನು ಹೀಗೇ ಗುರುತು ಹಾಕುತ್ತಿದ್ದ.

"ಸರ್ಕಲ್!" ಎಂದು ಮಗಳು ಚಪ್ಪಾಳೆ ತಟ್ಟಿದಳು. "ಅಜ್ಜಾ, ಇದು ಜಿಯೊಮೆಟ್ರಿ ಅಲ್ವಾ?"

ಅಪ್ಪ ತಲೆಯೆತ್ತಿ ನನ್ನನ್ನು ನೋಡಿದ. ಈಗಲಾದರೂ ಇದು ಗಾಲಿ ಎನ್ನುತ್ತಾನೆ ಎಂದುಕೊಂಡೆ. ಅವನು "ಹೌದು, ತಂಗಿ" ಎಂದು ಬಗ್ಗಿ ಉಳಿದ ಗೆರೆ ಎಳೆದ.

ಹೊರಡುವ ದಿನ ವಿಮಾನ ನಿಲ್ದಾಣಕ್ಕೆ ಅಕ್ಕನ ಮನೆಯವರೂ ಬಂದಿದ್ದರು. "ಹೋಗಿ ಬನ್ನಿ ಮಾಸ್ಟ್ರೇ, ಮಕ್ಕಳಿಗೆ ಒಂದು ಆಶೀರ್ವಾದ ಮಾಡಿ" ಎಂದರು. ಅಪ್ಪ ಅಕ್ಕನ ಇಬ್ಬರು ಮಕ್ಕಳ, ನನ್ನ ಮಗಳ ತಲೆ ಮುಟ್ಟಿದ, ಚೆನ್ನಾಗಿ ಓದಬೇಕು ಎಂದ. ನನ್ನ ತಲೆಯನ್ನೂ ಮುಟ್ಟಿದ. ನಾನು ಕಾಲಿಗೆ ಬಿದ್ದೆ. ಅಲ್ಲಿಂದ ಹಿಂದೆ ಬರುವಾಗ ನಮ್ಮವರು ಮೆಲ್ಲಗೆ, "ನಿಮ್ಮಪ್ಪ ಬಹಳ ದೊಡ್ಡ ಮನುಷ್ಯಾ" ಎಂದರು. ಕಾರಿನ ಗಾಜು ಇಳಿಸಿ ಹೊರಗೆ ನೋಡುತ್ತ ಕೂತೆ.

ನನ್ನ ಸಿಟ್ಟು ಆರಲು ಬೇಸಿಗೆಯವರೆಗೂ ಬೇಕಾಯಿತು. ಆರಿತು ಎಂದೇ ಅಂದುಕೊಂಡಿದ್ದೆ. ದೊಡ್ಡವರು ಏನಾದರೂ ಮಾಡಿಕೊಳ್ಳಲಿ, ಮಗಳಿಗೆ ನಾನು ಹೇಳಿಯೇ ಹೇಳುತ್ತೇನೆ ಎಂದು ಮನಸ್ಸಿನಲ್ಲಿ ಗಟ್ಟಿ ಮಾಡಿಕೊಂಡಿದ್ದೆ. ಒಂದು ರಜೆಯ ಬೆಳಿಗ್ಗೆ ನಾನು ರೊಟ್ಟಿ ಬಡಿಯುತ್ತಿದ್ದೆ, ನಮ್ಮವರು ಪೇಪರ್ ಓದುತ್ತಿದ್ದರು, ಮಗಳು ಊಟದ ಮೇಜಿನ ಮೇಲೆ ದಾರ ಹಿಡಿದು ಅಜ್ಜನ ವೃತ್ತ ಬರೆಯುತ್ತಿದ್ದಳು. ಹನ್ನೆರಡು ಗೆರೆ, ಎಲ್ಲವೂ ಸರಿಯಾಗಿಯೇ ಬಂದಿದ್ದವು. ಇದೇ ಸಮಯ ಅನ್ನಿಸಿತು.

"ಅದು ಗಾಲಿ, ಪುಟ್ಟಿ" ಎಂದೆ. "ನಿಮ್ಮಜ್ಜ ಗಾಲಿ ಮಾಡ್ತಾರ. ಚಕ್ಕಡಿ ಗಾಲಿ. ನಾವು ಬಡಿಗೇರರು."

ಅವಳು ಪೆನ್ಸಿಲ್ ಬಿಟ್ಟು ನಕ್ಕಳು. ತಪ್ಪು ಉತ್ತರ ಹೇಳಿದ ಗೆಳತಿಯನ್ನು ನೋಡಿ ನಗುವ ಹಾಗೆ.

"ಅಮ್ಮಾ, ವ್ಹೀಲ್ ಮಾಡೋರು ಜರ್ಮನ್ ಅಂಕಲ್‌ದು ಅಜ್ಜನ ಅಜ್ಜ! ಆಂಟಿ ಕಿಚನ್‌ನಲ್ಲಿ ಹೇಳಿದ್ರು. ನಮ್ಮ ಅಜ್ಜ ಮ್ಯಾಥ್ಸ್ ಟೀಚರ್."

ನಮ್ಮವರ ಪೇಪರ್ ಅಲುಗಾಡಲಿಲ್ಲ. ಹಿಟ್ಟಿನ ಕೈಯಲ್ಲೇ ನಾನು ಫೋನ್ ತೆಗೆದು ಊರಿಗೆ ಹಚ್ಚಿದೆ. ಅಪ್ಪನೇ ಎತ್ತಿದ. ಹಿಂದೆ ಕೊಡತಿಯ ಸಪ್ಪಳ ಕೇಳುತ್ತಿತ್ತು, ಯಾರೋ ಅವನ ಪಕ್ಕದಲ್ಲಿ ಮರ ಬಡಿಯುತ್ತಿದ್ದರು. ನಾನು ಸ್ಪೀಕರ್ ಹಚ್ಚಿ ಫೋನನ್ನು ಮಗಳ ಮುಂದೆ ಇಟ್ಟೆ.

"ಕೇಳು ಅಜ್ಜಗ" ಎಂದೆ. "ಏನ್ ಮಾಡ್ತಾರ ಅಂತ ನೀನ ಕೇಳು."

"ಅಜ್ಜಾ, ನೀವು ಟೀಚರ್ ಅಲ್ವಾ? ಅಮ್ಮ ಇಲ್ಲ ಅಂತಾರೆ."

ಆ ಕಡೆ ಕೊಡತಿಯ ಸಪ್ಪಳ ನಿಂತಿತು. ಕೈಸನ್ನೆ ಮಾಡಿ ನಿಲ್ಲಿಸಿರಬೇಕು. ನಾನು ಫೋನನ್ನು ಮಗಳ ಕಡೆ ಇನ್ನಷ್ಟು ಸರಿಸಿದೆ.

"ಹೌದವ್ವಾ" ಎಂದ ಅಪ್ಪ. "ಮಾಸ್ತರನ. ಎಲ್ಲಿ, ಹನ್ನೆರಡರ ಮಗ್ಗಿ ಹೇಳು ನೋಡೂಣು."

ಮಗಳು ನನ್ನ ಕಡೆ ನೋಡಿ ಗೆದ್ದವಳ ಹಾಗೆ ಹುಬ್ಬು ಹಾರಿಸಿ, ಹನ್ನೆರಡೊಂದಲ ಹನ್ನೆರಡು ಎಂದು ಶುರುಮಾಡಿದಳು. ಒಂದೂ ತಪ್ಪದೆ ಕೊನೆಯವರೆಗೆ ಹೇಳಿದಳು. ಒಲೆಯ ಮೇಲಿನ ರೊಟ್ಟಿ ಅಷ್ಟರಲ್ಲಿ ಸೀದು ಕರ್ರಗಾಗಿತ್ತು.